ಸುಣ್ಣದ ಪುಡಿಯ ಹಾಯಿದೋಣಿ

ಮುದ್ದೆ ತಿರುವುವಾಗ ಮನೆಗೆ ಬೆಂಕಿ ಬಿದ್ದರೂ ಕೈ ನಿಲ್ಲಿಸಬಾರದು ಎಂಬುದು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅಂಬುಜಮ್ಮ ಲತಾಮಣಿಗೆ ಹೇಳಿಕೊಟ್ಟ ಮೊದಲ ಪಾಠ. ಇದನ್ನು ಚೆನ್ನಾಗಿ ಅರಿತಿದ್ದ ಗಂಡ ಜಯಕುಮಾರ್, ಎದುರು ಮಾತು ಬರಬಹುದಾದ ವಿಷಯಗಳನ್ನೆಲ್ಲ ಅವಳು ಮುದ್ದೆ ತಿರುವುವಾಗಲೇ ಬಂದು ಹೇಳುತ್ತಿದ್ದ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಇಪ್ಪತ್ತನಾಲ್ಕು ವರ್ಷ ಬಣ್ಣ ಹೊಡೆದ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದನ್ನು ಹೀಗೇ ಹೇಳಿದ್ದ. ಹಾಯಿದೋಣಿ ಕೊಂಡದ್ದನ್ನೂ ಹೀಗೇ ಹೇಳಿದ್ದ. ಆ ಶನಿವಾರ ಮಧ್ಯಾಹ್ನ ಹಿಟ್ಟು ಇನ್ನೇನು ಹದಕ್ಕೆ ಬರುತ್ತಿತ್ತು, ಲತಾಮಣಿಯ ಎರಡು ಕೈಯೂ ಕೋಲಿನ ಮೇಲಿದ್ದವು, ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಲತಾ, ಒಂದ್ ಸೈಜ್ ದೊಡ್ಡದು ತಗಂಬುಡಾನ ಅಂತ."

"ಏನು, ಚಪ್ಲೀನಾ?"

"ದೋಣಿ ಕಣೆ."

ಲತಾಮಣಿ ತಿರುವುತ್ತಲೇ ಇದ್ದಳು.

ಇಗ್ಗಲೂರಿನ ಅಣೆಕಟ್ಟಿನಿಂದ ನೀರು ಬಿಟ್ಟು ಅರಳೀಪುರದ ಕೆರೆ ತುಂಬಿ ಮೂರು ವರ್ಷವಾಗಿತ್ತು. ತುಂಬಿದ ಕೆರೆಯನ್ನು ನೋಡಿ ಊರಿನವರು ಭತ್ತ ಎಂದರು, ಮೀನು ಎಂದರು. ಜಯಕುಮಾರ್ ಒಬ್ಬನೇ ಗಾಳಿ ಎಂದ. ಮೈಸೂರಿನ ಯಾರೋ ಒಬ್ಬರಿಂದ ಹತ್ತಡಿಯ ಹಳೆಯ ಹಾಯಿದೋಣಿ ಕೊಂಡು, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ತಂದು, ಕಾರಿಗೆ ಹೊಡೆಯುವ ಮುತ್ತಿನ ಬಿಳುಪನ್ನು ಅದಕ್ಕೆ ನಾಲ್ಕು ಸಲ ಹೊಡೆದ. ದೋಣಿಯಲ್ಲಿ ಇಬ್ಬರಿಗೆ ಜಾಗ. ಒಬ್ಬ ಚುಕ್ಕಾಣಿ ಹಿಡಿಯಬೇಕು. ಇನ್ನೊಬ್ಬರು ಗಾಳಿಗೆ ದೋಣಿ ವಾಲಿದ ಕೂಡಲೇ ಎದುರು ಬದಿಗೆ ಸರಿದು ತೂಕ ಕೊಡಬೇಕು. "ನೀರಿನ್ ಮ್ಯಾಲೆ ಕೂರಾಕೆ ನಾನೇನ್ ಬಾತುಕೋಳಿಯಾ?" ಎಂದು ಅಂಬುಜಮ್ಮ ಮೊದಲೇ ಕೈತೊಳೆದುಕೊಂಡಿದ್ದರು. ಊರಿನ ಗಂಡಸರೆಲ್ಲ ಏರಿಯ ಮೇಲೆ ನಿಂತು ಸಲಹೆ ಕೊಡುವುದಕ್ಕಷ್ಟೇ ಒಪ್ಪಿದರು. ಹೀಗಾಗಿ ಆ ಇನ್ನೊಂದು ಜಾಗ, ಬೇರೆ ಅನೇಕ ಜಾಗಗಳಂತೆ, ಹೆಂಡತಿಗೆ ಬಂತು.

ವಾರಕ್ಕೆರಡು ದಿನ, ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ. ಮೊದಮೊದಲು ಜಯಕುಮಾರ್ "ಎಡಕ್ಕೆ! ಬಲಕ್ಕೆ!" ಎಂದು ಕಂಡಕ್ಟರನ ಹಾಗೆ ಕೂಗುತ್ತಿದ್ದ. ಎರಡು ತಿಂಗಳಾದ ಮೇಲೆ ಕೂಗುವ ಅಗತ್ಯವೇ ಬೀಳಲಿಲ್ಲ. ಕೆನ್ನೆಗೆ ಗಾಳಿ ತಾಗಿದ್ದೇ ತಡ ಲತಾಮಣಿ ಸರಿದು ಕೂತಿರುತ್ತಿದ್ದಳು. ದಡದ ಮೇಲೆ ಬಾಯಿಗೆ ಬೀಗವಿಲ್ಲದ ಆ ಮನುಷ್ಯ ನೀರಿಗಿಳಿದ ಮೇಲೆ ಮಾತೇ ಆಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಾತ್ರ, ಕೆರೆಯ ನಟ್ಟನಡುವೆ, "ನೀನಿಲ್ದೆ ಇದು ಒಂದ್ ಮಾರೂ ಮುಂದಕ್ಕೋಗಕಿಲ್ಲ ಕಣೆ" ಎಂದಿದ್ದ. ಇಪ್ಪತ್ತಾರು ವರ್ಷದಲ್ಲಿ ಆ ಮನೆಯವರು ಅವಳಿಗೆ ಸಾರಿಗೆ ಉಪ್ಪು ಹೆಚ್ಚೆಂದೂ ಕಮ್ಮಿಯೆಂದೂ ಹೇಳಿದ್ದುಂಟು. ಇಂಥದ್ದನ್ನು ಹೇಳಿರಲಿಲ್ಲ. ಮಾರನೆಯ ವಾರವೇ ಅವಳು ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಕಡೆಯುವ ತನ್ನ ಶಾಲೆಯ ಗೆಳತಿ ಹಫೀಜಾಳ ಹತ್ತಿರ ಚುಕ್ಕಾಣಿಗೆ ಒಂದು ಹೊಸ ಹಿಡಿ ಮಾಡಿಸಿಕೊಂಡು ಬಂದಿದ್ದಳು. ಗಂಡನ ಅಂಗೈಗೆ ತಕ್ಕ ದಪ್ಪ, ಕೆಂಪರಗಿನ ಮೇಲೆ ಹಳದಿ ಪಟ್ಟೆ, ಮಕ್ಕಳ ಗಿಲಕಿಯ ಹಾಗೆ.

"ಈಗಿರೋದಕ್ಕೇನಾಗೈತೆ?" ಎಂದಳು ಲತಾಮಣಿ.

ಆದದ್ದು ಇಷ್ಟು. ದೋಣಿ ಮಾರಿದ್ದ ಮೈಸೂರಿನವನು ಹಿಂದಿನ ವಾರ ಒಂದಷ್ಟು ದೋಣಿಯವರನ್ನು ಒಂದೆಡೆ ಸೇರಿಸಿದ್ದ. ಅಲ್ಲಿ ಯಾರೋ ಜಯಕುಮಾರನನ್ನು "ನಿಮ್ದು ಎಷ್ಟು ಅಡಿ?" ಎಂದು ಕೇಳಿದ್ದರು. ಹತ್ತು ಎಂದಾಗ, "ಓ, ಮಕ್ಕಳು ಕಲಿಯೋದು" ಎಂದು ಬೆನ್ನು ತಟ್ಟಿದ್ದರು. ಅದೇ ಕೈ ಇನ್ನೂ ಬೆನ್ನ ಮೇಲಿತ್ತು. ಆದರೆ ಬಾಗಿಲಲ್ಲಿ ನಿಂತ ಜಯಕುಮಾರ್ ಅದನ್ನು ಹೇಳಲಿಲ್ಲ.

"ನಿನಗೋಸ್ಕರ ಕಣೆ. ಹದಿನಾಲ್ಕಡಿ. ಐದು ಜನ ಕೂರ್ಬೋದು. ಹೊಟ್ಟೆ ಅಡೀಲಿ ಇನ್ನೂರು ಕೆಜಿ ಕಬ್ಬಿಣ ಕೂರಿಸವ್ರೆ, ವಾಲೋ ಮಾತೇ ಇಲ್ಲ. ನೀನು ಆ ಕಡೆ ಈ ಕಡೆ ನೆಗೆಯೋ ಹಂಗೇ ಇಲ್ಲ, ಮಹಾರಾಣಿ ಹಂಗೆ ಕೂತಿದ್ರಾಯ್ತು. ನಿನ್ ಕೆಲ್ಸಾನೆಲ್ಲ ಕಬ್ಬಿಣ ಮಾಡ್ತೈತೆ."

ಕೋಲು ನಿಂತಿತು.

ಮೂರೇ ಮೂರು ಕ್ಷಣ. ಆದರೆ ಬಿಸಿ ಹಿಟ್ಟಿಗೆ ಮೂರು ಕ್ಷಣ ಧಾರಾಳವಾಯಿತು.

"ಹಳೇದು?" ಎಂದಳು.

"ಎಕ್ಸ್‌ಚೇಂಜ್. ಸೋಮವಾರ ದೊಡ್ಡದು ಇಳಿಸಿ ಚಿಕ್ಕದು ಏರಿಸ್ಕೊಂಡು ಹೋಗ್ತಾರೆ. ಇವತ್ತು ಸಂಜೆ ಐದಕ್ಕೆ ಫೋನ್ ಮಾಡ್ತೀನಿ ಅಂದವ್ನೆ, ಹೂಂನೋ ಊಹೂಂನೋ ಹೇಳ್ಬೇಕು. ನೀನೇನಂತೀಯಾ?"

"ನಾನೇನನ್ನಲಿ" ಎಂದಳು ಲತಾಮಣಿ. ಇಪ್ಪತ್ತಾರು ವರ್ಷದಿಂದ ಆ ಮನೆಯಲ್ಲಿ ಆ ಮಾತನ್ನು ಒಪ್ಪಿಗೆ ಎಂದೇ ಎಣಿಸುತ್ತಿದ್ದರು.

ಊಟಕ್ಕೆ ಮಾಗಡಿಯಿಂದ ನಟರಾಜು ಬಂದಿದ್ದರು. ಅವರು ಜಯಕುಮಾರನ ಅಕ್ಕನ ಗಂಡ. ಬಸ್ಸು ಹತ್ತಿದರೆ ಊಟದ ಹೊತ್ತಿಗೇ ಇಳಿಯುವುದು ಅವರ ವಿಶೇಷ. ಮೊದಲ ತುತ್ತು ಮುರಿದ ಅಂಬುಜಮ್ಮ ಬೆರಳನ್ನು ತಟ್ಟೆಯ ಮೇಲೆಯೇ ನಿಲ್ಲಿಸಿದರು.

"ಗಂಟು" ಎಂದರು.

ಈ ಮನೆಯ ಮುದ್ದೆಯಲ್ಲಿ ಗಂಟು ಬಂದದ್ದು ಇದೇ ಮೊದಲು. ಇದಕ್ಕೆ ಏನೋ ಕಾರಣ ಹೇಳಲೇಬೇಕಾಗಿ ಬಂದು ಜಯಕುಮಾರ್ ದೊಡ್ಡ ದೋಣಿಯ ವಿಷಯ ಹೇಳಿಬಿಟ್ಟ. ತಕ್ಷಣ ಗಂಟು ಮರೆತುಹೋಯಿತು.

"ಐದು ಜನಾನಾ?" ಎಂದರು ನಟರಾಜು, ಸಾರು ಸುರಿಯುವುದನ್ನು ಬಿಟ್ಟು. "ಹಂಗಾದ್ರೆ ನಂದೊಂದು ಸೀಟು ಬರ್ಕೊ ಬಾಮೈದ. ನಿಮ್ಮಕ್ಕಂದೊಂದು. ಮಗಳು ಅಳೀಮಯ್ಯಂದು ಎರಡು."

"ಅಲ್ಲಿಗೆ ದೋಣಿ ಮಾಗಡಿಗೇ ಹೋಯ್ತು!" ಎಂದರು ಅಂಬುಜಮ್ಮ. "ಹೆತ್ತ ತಾಯಿಗಿಲ್ವಾ?"

"ನೀನು ಬಾತುಕೋಳಿಯಾ ಅಂದಿದ್ಯಲ್ಲವ್ವ?"

"ಅದು ಹತ್ತಡೀದಕ್ಕೆ. ಹದಿನಾಲ್ಕಡೀದಕ್ಕೆ ನಾನೇನೂ ಅಂದಿಲ್ಲ. ಮೊದ್ಲು ಎಷ್ಟು ಜಾಗ ಅಂತ ಕಣ್ಣಲ್ಲಿ ನೋಡ್ಬೇಕು. ಹಲ್ಲು ನೋಡ್ದೆ ಎತ್ತು ತರೋರುಂಟೇನ್ಲಾ?"

ಜಯಕುಮಾರನಿಗೆ ಈ ಮಾತು ಹಿಡಿಸಿತು. ಬಚ್ಚಲುಮನೆ ಕಟ್ಟಿಸಿದಾಗ ಉಳಿದ ಸುಣ್ಣದ ಪುಡಿ, ಗೂಟ, ಮೇಸ್ತ್ರಿ ಬಿಟ್ಟುಹೋದ ದಾರ ಎಲ್ಲ ಅಟ್ಟದ ಮೇಲಿದ್ದವು. ಎರಡು ಗಂಟೆಯ ಬಿಸಿಲಿನಲ್ಲಿ, ನೀಲಿ ಟೋಪಿ ಹಾಕಿಕೊಂಡು, ಮನೆಯ ಮುಂದಿನ ಅಂಗಳದಲ್ಲಿ ಗೂಟ ಹೊಡೆದು, ದಾರ ಬಿಗಿದು, ಗೆರೆಯ ಮೇಲೆ ಸುಣ್ಣ ಚೆಲ್ಲಿದ. ಪಾಯ ಗುರುತು ಹಾಕುವುದು ಹೀಗೆಯೇ. ಆದರೆ ಈ ಪಾಯದ ಒಂದು ತುದಿ ಮಾತ್ರ ಚೂಪಾಗಿ ಬೀದಿಯ ಕಡೆ ನೆಟ್ಟಿತ್ತು.

ಬೀದಿಯ ಆಚೆ ಬೋರಲಿಂಗಯ್ಯನ ಹೊಸ ಮನೆ. ಗೃಹಪ್ರವೇಶವಾಗಿ ಎರಡೂವರೆ ತಿಂಗಳು. ಮಧ್ಯಾಹ್ನದ ನಿದ್ದೆ ಮುಗಿಸಿ ಬಾಗಿಲು ತೆಗೆದ ಬೋರಲಿಂಗಯ್ಯ ಎದುರಿಗೆ ನೋಡಿದವರು ಪಂಚೆ ಎತ್ತಿಕಟ್ಟಿಕೊಂಡು ಬಂದೇಬಿಟ್ಟರು.

"ಏನ್ಲಾ ಜಯ್ಕುಮಾರ! ನಿಂಗೂ ನಂಗೂ ಏನ್ಲಾ ದ್ವೇಸ? ಮೂರು ಮೂಲೆ ಮನೆ ಕಟ್ಟಿ ಅದರ ಚೂಪ್ನ ನನ್ ತಲೆಬಾಗ್ಲಿಗೆ ಇಕ್ಕಿದ್ದೀಯಲ್ಲ, ಶೂಲ ಹೊಡೀತದೆ ಅಂತ ಗೊತ್ತಿಲ್ವೇನ್ಲಾ?"

"ಮನೆ ಅಲ್ಲ ಬೋರಣ್ಣ, ದೋಣಿ."

"ದೋಣಿ ಆಗ್ಲಿ ದೊಡ್ಡಿ ಆಗ್ಲಿ, ಚೂಪು ಚೂಪೇ."

"ಅಯ್ಯೋ, ಅದು ಕೆರೇಲಿರೋದು! ಕೆರೆ ಒಂದ್ ಮೈಲಿ ಐತೆ!"

"ಇವತ್ತಿಲ್ಲೈತಲ್ಲ!"

ಬೋರಲಿಂಗಯ್ಯ ಮನೆಗೆ ಹೋಗಿ ಕ್ಷೌರದ ಕನ್ನಡಿ ತಂದು ತಮ್ಮ ಹೊಸಿಲಿನ ಮೇಲೆ ದೋಣಿಗೆ ಮುಖಮಾಡಿ ಇಟ್ಟರು. ಬಂದ ಶೂಲ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಲಿ ಎಂದು. ಕನ್ನಡಿಯ ಬಿಸಿಲು ನೇರವಾಗಿ ಅಂಬುಜಮ್ಮನ ಕಣ್ಣಿಗೆ ಹೊಡೆಯಿತು. "ನೋಡ್ಲಾ, ಶೂಲ ವಾಪಸ್ ಬಂದು ನಂಗೇ ಚುಚ್ತಾ ಐತೆ! ತಿರುಗ್ಸು ಅದ್ನ!" ಎಂದು ಅವರು ಕೂಗಿಕೊಂಡರು. ತಿರುಗಿಸಬೇಕಾದದ್ದು ಕನ್ನಡಿಯೋ ದೋಣಿಯೋ ಎಂಬ ಚರ್ಚೆ ಅರ್ಧ ಗಂಟೆ ನಡೆದು, ಕನ್ನಡಿ ಬಡಪಾಯಿ ಏನು ಮಾಡೀತು, ದೋಣಿಯೇ ತಿರುಗಲಿ ಎಂದು ತೀರ್ಮಾನವಾಯಿತು. ಜಯಕುಮಾರ್ ಬೆವರು ಒರೆಸಿಕೊಂಡು ಗೂಟ ಕಿತ್ತು ಇನ್ನೊಂದು ದೋಣಿ ಬರೆದ. ಮೊದಲನೆಯದನ್ನು ಪೊರಕೆಯಿಂದ ಗುಡಿಸಿದ. ಗುಡಿಸಿದ ಸುಣ್ಣ ಇನ್ನಷ್ಟು ಅಗಲವಾಯಿತೇ ಹೊರತು ಹೋಗಲಿಲ್ಲ. ಎರಡನೆಯ ದೋಣಿಯ ಮೂತಿ ಈಗ ಅಡುಗೆಮನೆಯ ಕಿಟಕಿಗೆ ನೇರವಾಗಿತ್ತು. ಅದರ ಬಗ್ಗೆ ಯಾರೂ ಶೂಲದ ಮಾತೆತ್ತಲಿಲ್ಲ.

ಮೂರೂವರೆಗೆ ಚರಂಡಿ ನೋಡಲು ಬಂದಿದ್ದ ಪಂಚಾಯಿತಿ ಅಧಿಕಾರಿ ನವ್ಯಶ್ರೀ ಸ್ಕೂಟರ್ ನಿಲ್ಲಿಸಿದಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ. ಅರಳೀಪುರದಲ್ಲಿ ನೋಡಬಾರದ್ದನ್ನೆಲ್ಲ ನೋಡಿಯಾಗಿದೆ ಎಂದುಕೊಂಡಿದ್ದಳು.

"ಏನ್ ಸರ್ ಇದು? ಒಂದರ ಮೇಲೆ ಒಂದು ಎರಡು ಪಾಯ! ಲೈಸೆನ್ಸ್ ತಗೊಂಡಿದೀರಾ?"

"ಮೇಡಂ, ಇದು ಹಾಯಿದೋಣಿ."

ನವ್ಯಶ್ರೀ ಟೇಪು ಹಿಡಿದು ಅಳೆದಳು. ಹದಿನಾಲ್ಕು ಅಡಿ ಸರಿಯಾಗಿತ್ತು. ಬ್ಯಾಗಿನಿಂದ ನಮೂನೆ ತೆಗೆದು ಸ್ಕೂಟರಿನ ಸೀಟಿನ ಮೇಲಿಟ್ಟು ತುಂಬತೊಡಗಿದಳು. ಗೋಡೆ: ಇಲ್ಲ. ಚಾವಣಿ: ಬಟ್ಟೆ. ಶೌಚಾಲಯ: ಇಲ್ಲ. ಕಟ್ಟಡದ ಉದ್ದೇಶ ಎಂಬಲ್ಲಿ ಪೆನ್ನು ಕಚ್ಚಿಕೊಂಡು ನಿಂತವಳು ಕೊನೆಗೆ 'ತೇಲುವುದು' ಎಂದು ಬರೆದಳು.

"ಶೌಚಾಲಯ ಇಲ್ಲ ಅಂದ್ರೆ ಪರ್ಮಿಷನ್ ಕೊಡಕ್ಕಾಗಲ್ಲ ಸರ್."

"ಒಂದ್ ಗಂಟೆ ಹೋಗ್ಬರೋದು ಮೇಡಂ!"

"ಎಷ್ಟು ಜನಕ್ಕೆ?"

"ಐದು."

"ಐದಾ?" ನವ್ಯಶ್ರೀ ಪೆನ್ನಿನ ಮುಚ್ಚಳ ಹಾಕಿದಳು. "ಗೋವಾದಲ್ಲಿ ಇಂಥ ದೋಣಿ ನೋಡಿದ್ದೆ ಸರ್. ಹತ್ತಿ ಕೂರಕ್ಕಾಗಿರ್ಲಿಲ್ಲ."

ಆಮೇಲೆ ನಡೆದದ್ದಕ್ಕೆ ಯಾರನ್ನೂ ದೂಷಿಸುವಂತಿಲ್ಲ. ಜಾಗ ಸಾಲುತ್ತದೋ ಇಲ್ಲವೋ ಕೂತೇ ನೋಡಬೇಕೆಂದು ನಟರಾಜು ಹೇಳಿದರು. ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಸುಣ್ಣದ ಗೆರೆಯೊಳಗೆ ಹಿಂದಿನ ತುದಿಯಲ್ಲಿ ಜಯಕುಮಾರ್, ಕೈಯಲ್ಲಿ ಚುಕ್ಕಾಣಿಯ ಬದಲು ಪೊರಕೆ. ಮಧ್ಯದಲ್ಲಿ ಮಣೆಯ ಮೇಲೆ ಅಂಬುಜಮ್ಮ, ಎಲೆಅಡಿಕೆ ಚೀಲದ ಸಮೇತ. ಅವರ ಪಕ್ಕ ನಟರಾಜು. ಮುನಿಸು ತೀರಲಿ ಎಂದು ಬೋರಲಿಂಗಯ್ಯನಿಗೆ ಮುಂದಿನ ಜಾಗ ಕೊಟ್ಟರು. ಅವರು ತಮ್ಮ ಮನೆ ಕಾಣುವಂತೆ ಅಡ್ಡವಾಗಿ ಕೂತರು, ಕನ್ನಡಿಯ ಮೇಲೆ ಒಂದು ಕಣ್ಣಿಡಬೇಕಲ್ಲ. ಉಳಿದೊಂದು ಜಾಗದಲ್ಲಿ ನವ್ಯಶ್ರೀ, ಹೆಲ್ಮೆಟ್ ಹಾಕಿಕೊಂಡೇ. ಸರ್ಕಾರಿ ನೌಕರಳು, ನಿಯಮ ಮೀರುವಂತಿಲ್ಲ.

"ಒಸಿ ಆ ಕಡೆ ಸರೀರಿ ನಟರಾಜು, ಮೊಣಕೈ ಚುಚ್ತದೆ" ಎಂದರು ಅಂಬುಜಮ್ಮ.

"ಇನ್ನು ಸರಿದ್ರೆ ನೀರಿಗೆ ಬೀಳ್ತೀನಿ ಅತ್ತೆ."

ನಟರಾಜು ಪಕ್ಕಕ್ಕೆ ಬಾಗಿ ಗೆರೆಯಾಚೆ ಎಲೆಅಡಿಕೆ ಉಗಿದರು.

"ಕೆರೆಗೆ ಉಗೀಬ್ಯಾಡಿ ಭಾವ!" ಎಂದ ಜಯಕುಮಾರ್, ನಿಜವಾದ ಸಂಕಟದಿಂದ. "ಎಲ್ರೂ ಒಸಿ ಕೇಳಿ. ಈಗ ಗಾಳಿ ಬಂತು ಅನ್ಕಳಿ. ಬಲಗಡೆಯಿಂದ. ಎಲ್ಲಾ ಬಲಕ್ಕೆ ಸರೀಬೇಕು... ಬಲಕ್ಕೆ!"

ಒಬ್ಬರೂ ಕದಲಲಿಲ್ಲ.

"ಕಬ್ಬಿಣ ಐತಲ್ಲಪ್ಪ" ಎಂದರು ಬೋರಲಿಂಗಯ್ಯ.

ಲತಾಮಣಿ ಕಾಫಿ ತಂದಳು. ತಟ್ಟೆಯಲ್ಲಿ ಐದು ಲೋಟ. ಅತ್ತೆಗೆ ಮೊದಲು ಕೊಡೋಣವೆಂದು ಒಂದು ಹೆಜ್ಜೆ ಮುಂದಿಟ್ಟಳು.

"ಅಲ್ಲೇ ನಿಂತ್ಕಳೇ!" ಎಂದು ಅಂಬುಜಮ್ಮ ಕಿರುಚಿದರು. "ಗೆರೆ ತುಳಿದ್ರೆ ಒಳೀಕೆ ನೀರು ನುಗ್ಗಕಿಲ್ವಾ?"

ಲತಾಮಣಿ ಗೆರೆಯ ಆಚೆ ನಿಂತು, ಕೈ ಚಾಚಿ ಚಾಚಿ, ಒಬ್ಬೊಬ್ಬರಿಗೂ ಲೋಟ ಕೊಟ್ಟಳು. ಕೊನೆಯ ಲೋಟ ಗಂಡನದು. ಅದನ್ನು ತೆಗೆದುಕೊಳ್ಳುವಾಗ ಜಯಕುಮಾರ್ ತಲೆಯೆತ್ತಿ ನೋಡಿದ. ದೋಣಿಯಲ್ಲಿದ್ದವರನ್ನು ಕಣ್ಣಲ್ಲೇ ಎಣಿಸಿದ. ಐದು. ಮತ್ತೆ ಎಣಿಸಿದ. ಹಿಂದಿನಿಂದ ಮುಂದಕ್ಕೆ ಎಣಿಸಿದರೂ ಮುಂದಿನಿಂದ ಹಿಂದಕ್ಕೆ ಎಣಿಸಿದರೂ ಐದೇ.

"ಲತಾ, ನಿನ್ ಜಾಗ..." ಎಂದ.

"ಯಾರಾದ್ರೂ ಒಬ್ರು ದಡದಲ್ಲಿರ್ಬೇಕಲ್ಲಪ್ಪ" ಎಂದರು ಅಂಬುಜಮ್ಮ, ಕಾಫಿ ಊದುತ್ತಾ. "ನಮ್ ಚಪ್ಲಿ ನೋಡ್ಕಳಾಕೆ."

ಜಯಕುಮಾರ್ ಪೊರಕೆ ಕೆಳಗಿಟ್ಟು ಏಳಹೋದ.

"ಚುಕ್ಕಾಣಿ ಬುಟ್ಟು ಎದ್ದೀಯಾ? ಎಲ್ರುನೂ ಮುಳುಗಿಸ್ತೀಯೇನ್ಲಾ?" ಎಂದು ಅಂಬುಜಮ್ಮ ಗದರಿದರು.

ಕೂತ. ಕೂರುವ ಗಡಿಬಿಡಿಯಲ್ಲಿ ಕುರ್ಚಿಯ ಒಂದು ಕಾಲು ಮಣ್ಣಿಗಿಳಿದು ಅವನು ಎಡಕ್ಕೆ ವಾಲಿದ. ಅದೇ ಗಳಿಗೆಯಲ್ಲಿ, ಗೆರೆಯ ಆಚೆ, ಖಾಲಿ ತಟ್ಟೆ ಹಿಡಿದು ನಿಂತಿದ್ದ ಲತಾಮಣಿ ತನಗೆ ಗೊತ್ತಿಲ್ಲದೆಯೇ ಬಲಕ್ಕೆ ಬಾಗಿದಳು.

ಬೇರೆ ಯಾರೂ ನೋಡಲಿಲ್ಲ. ನೋಡಿದ್ದು ಇಬ್ಬರೇ. ನಟರಾಜು ಆಗಲೇ ಹೊಸ ಮಾತು ಎತ್ತಿದ್ದರು. ಐದು ಸಾಲದು, ಎಂಟು ಜನರದ್ದೇ ಕೇಳಿಬಿಡು, ಇನ್ನೊಂದು ಸೈಜ್ ದೊಡ್ಡದಕ್ಕೆ ಮಹಾ ಎಷ್ಟಾಗಿಬಿಡುತ್ತದೆ ಎಂದು. ಅಂಬುಜಮ್ಮ ಹತ್ತು ಎಂದರು, ದೊಡ್ಡಆಲಹಳ್ಳಿಯ ತಂಗಿಯನ್ನು ಬಿಟ್ಟು ಕೂರಲು ಮನಸ್ಸು ಬರುವುದಿಲ್ಲವಂತೆ. ನವ್ಯಶ್ರೀ ಶೌಚಾಲಯಕ್ಕೆ ಜಾಗ ಬಿಡಿ ಎಂದಳು. ನೀಲಿ ಟೋಪಿಯ ಕೆಳಗೆ ಜಯಕುಮಾರನ ಮುಖ, ಕಿಕ್ಕಿರಿದ ಬಸ್ಸಿನಲ್ಲಿ ಇಳಿಯುವ ಸ್ಟಾಪು ದಾಟಿಹೋದವನ ಮುಖವಾಗಿತ್ತು.

ಆಗ ಫೋನು ಹೊಡೆದುಕೊಂಡಿತು. ಅದು ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು.

"ಫೋನು! ಮೈಸೂರಿಂದು!" ಎಂದು ಜಯಕುಮಾರ್ ಅರ್ಧ ಎದ್ದ.

"ಅಲುಗಾಡ್ಬ್ಯಾಡ!" ಎಂದು ನಾಲ್ಕು ಕಂಠಗಳು ಒಟ್ಟಿಗೆ ಕೂಗಿದವು.

ಲತಾಮಣಿ ಒಳಗೆ ಹೋಗಿ ಫೋನು ಎತ್ತಿದಳು.

"ಸರ್ ಇದಾರಾ ಮೇಡಂ?"

"ದೋಣೀಲವ್ರೆ."

"ಓಹೋ, ಈ ಹೊತ್ತಲ್ಲೂನಾ! ಒಳ್ಳೆ ಹುಚ್ಚು. ಅದೇ ಮೇಡಂ, ಹದಿನಾಲ್ಕಡೀದು. ಶ್ರೀರಂಗಪಟ್ಟಣದವರೊಬ್ರು ನಮಗೇ ಬೇಕು ಅಂತ ಕೂತಿದಾರೆ. ನೀವು ಹೂಂ ಅಂದ್ರೆ ಸೋಮವಾರ ಕಳಿಸ್ತೀನಿ. ಇಲ್ಲಾಂದ್ರೆ ಅವರಿಗೇ ಹೂಂ ಅಂತೀನಿ. ಸರ್‌ನ ಒಂದ್ಮಾತು ಕೇಳಿ ಹೇಳ್ತೀರಾ?"

ಲತಾಮಣಿ ಕಿಟಕಿಯಾಚೆ ನೋಡಿದಳು. ಎರಡನೆಯ ದೋಣಿಯ ಚೂಪು ಮೂತಿ ಅವಳ ಎದೆಗೇ ಗುರಿಯಿಟ್ಟಂತಿತ್ತು. ಅದರ ತುಂಬ ಜನ. ಪಕ್ಕದ ಒಲೆಯ ಮೇಲೆ ಮಧ್ಯಾಹ್ನದ ಪಾತ್ರೆ, ತಳಕ್ಕೆ ಅಂಟಿಕೊಂಡ ಸೀಕಲಿನಲ್ಲಿ ಇನ್ನೂ ಎರಡು ಗಂಟು.

"ಕೇಳೋದೇನಿಲ್ಲ" ಎಂದಳು. "ಅವರಿಗೇ ಕೊಟ್ಬುಡಿ."

"ಹಾಗಾದ್ರೆ ಚಿಕ್ಕದು?"

"ಅದಿಲ್ಲೇ ಇರ್ತೈತೆ."

ಹೊರಗೆ ಬಂದಾಗ ಹತ್ತು ಕಣ್ಣುಗಳು ಅವಳ ಮೇಲಿದ್ದವು.

"ಏನಂತೆ?" ಎಂದ ಜಯಕುಮಾರ್. ಸ್ವರ ಸಣ್ಣಗಿತ್ತು.

"ಶ್ರೀರಂಗಪಟ್ಟಣದವ್ರು ಯಾರೋ ತಗಂತಾವ್ರಂತೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೋಣಿಯಲ್ಲಿ ಮಾತ್ರ ಹಾಹಾಕಾರವೆದ್ದಿತು. "ನಾನು ಕೂತಿರೋ ದೋಣೀನ ಇನ್ನೊಬ್ರಿಗೆ ಕೊಡೋಕೆ ಅವನ್ಯಾವನ್ಲಾ?" ಎಂದು ಅಂಬುಜಮ್ಮ ಮಣೆ ಕುಟ್ಟಿದರು. ಶ್ರೀರಂಗಪಟ್ಟಣದವರಿಗೆ ಹೊಳೆ ಇದೆಯಲ್ಲ, ಅದು ಸಾಲದೇ ಎಂದು ನಟರಾಜು ಮುನಿಸಿಕೊಂಡರು, ಐದೂವರೆಯ ಬಸ್ಸಿಗೆ ಹೊರಟರು. ನವ್ಯಶ್ರೀ ನಮೂನೆಯಲ್ಲಿ 'ತೇಲುವುದು' ಎಂಬುದನ್ನು ನೀಟಾಗಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕಿ, ಒಂದು ಸಲ ಹಿಂದಿರುಗಿ ನೋಡಿ ಸ್ಕೂಟರ್ ಹತ್ತಿದಳು. ಕನ್ನಡಿ ಗೆದ್ದಿತೆಂದು ಬೋರಲಿಂಗಯ್ಯ ಅದನ್ನು ಎದೆಗವಚಿಕೊಂಡು ಒಳಗೆ ಹೋದರು.

ಜಯಕುಮಾರ್ "ಛೆ" ಎಂದ. ಆಮೇಲೆ ಇನ್ನೊಂದು ಸಲ, ಯಾರಾದರೂ ನೋಡುತ್ತಿದ್ದಾರೇನೋ ಎಂದು, "ಛೆ ಛೆ" ಎಂದ. ಗೂಟ ಕೀಳುತ್ತಾ ಸಿಳ್ಳೆ ಹಾಕತೊಡಗಿದ್ದು ಅವನಿಗೇ ಗೊತ್ತಾಗಲಿಲ್ಲ.

"ಬೇಜಾರಾಯ್ತಾ ಲತಾ?" ಎಂದ, ಸಿಳ್ಳೆ ನಿಲ್ಲಿಸಿ. "ನಿಂಗೆ ಆರಾಮಾಗಿರ್ತಿತ್ತು."

"ಪರ್ವಾಗಿಲ್ಲ ಬುಡಿ."

"ಬೆಳಿಗ್ಗೆ ಹೋಗಾನ? ಗಾಳಿ ಐತೆ."

"ಹಾಲು ಹಾಕ್ಬಂದು ನೋಡಾನ" ಎಂದಳು ಲತಾಮಣಿ. ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಒಳಗಿಟ್ಟಳು. ಅಂಗಳದಲ್ಲಿ ಬಿದ್ದಿದ್ದ ದಾರದ ಉಂಡೆಯನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಸಂಜೆಯ ಮುದ್ದೆಗೆ ನೀರಿಟ್ಟು, ತೊಳೆದು ಒರಗಿಸಿದ್ದ ಕೋಲನ್ನು ಕೈಗೆ ತೆಗೆದುಕೊಂಡಳು. ಇಪ್ಪತ್ತಾರು ವರ್ಷ ಹಿಡಿದು ಹಿಡಿದು, ಒಂದು ಗೇಣಿನಷ್ಟು ಜಾಗ ನುಣ್ಣಗೆ ಸವೆದು ಅವಳ ಅಂಗೈಗೇ ಎರಕ ಹೊಯ್ದಂತಾಗಿತ್ತು. ಚುಕ್ಕಾಣಿಯ ಕೆಂಪು ಹಿಡಿ ಅವಳ ಕೈಗೆ ದಪ್ಪ. ಒಂದೆರಡು ಸಲ, ಜಯಕುಮಾರ್ ಹಾಯಿಯ ಹಗ್ಗ ಬಿಡಿಸುವಾಗ, ಹಿಡಿದು ನೋಡಿದ್ದಳು. ಬೆರಳು ಸುತ್ತ ಬರುತ್ತಿರಲಿಲ್ಲ. ದಾರದ ತುದಿಯನ್ನು ಕೋಲಿನ ಆ ನುಣುಪು ಜಾಗಕ್ಕೆ ಒಂದು ಸುತ್ತು ಸುತ್ತಿ, ತುದಿ ಸೇರಿದಲ್ಲಿ ಗಂಟು ಹಾಕಿದಳು. ನುಣುಪಿನ ಉದ್ದಕ್ಕೆ ಹಿಡಿದು ಇನ್ನೊಂದು ಗಂಟು. ಅಲ್ಲಿಗೆ ಹಲ್ಲಿನಿಂದ ಕಡಿದಳು. ಮಂಗಳವಾರ ಚನ್ನಪಟ್ಟಣ. ಇನ್ನೊಂದು ಹಿಡಿ ಕಡೆಯಲು ಹಫೀಜಾಗೆ ಈ ಅಳತೆ ಸಾಕು, ಬಣ್ಣ ಹಸಿರಾಗಲಿ. ಜಯಕುಮಾರನ ತೂಕ ಎಪ್ಪತ್ತೆಂಟು ಕೆಜಿ. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಸರಿಯುವುದನ್ನು ಕಲಿಯಲು ಅವನಿಗೂ ಎರಡು ತಿಂಗಳು ಹಿಡಿಯಬಹುದು.

ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನೀರು ಕುದಿಯಿತು. ಹಿಟ್ಟು ಹಾಕಿ, ಬೇಯಿಸಿ, ಪಾತ್ರೆಯನ್ನು ಒತ್ತಿಹಿಡಿದು ತಿರುವತೊಡಗಿದಳು.

"ಲತಾ!" ಅಂಗಳದಿಂದ ಜಯಕುಮಾರ್ ಕೂಗಿದ. "ಆ ಮೇಸ್ತ್ರಿ ದಾರ ನೋಡ್ದ್ಯಾ?"

"ಇಲ್ಲೈತೆ ಬನ್ನಿ."

ಬಂದು ಉಂಡೆ ಎತ್ತಿಕೊಂಡು ತುದಿ ನೋಡಿದ. "ಯಾರೋ ಕಡ್ದವ್ರಲ್ಲ ಇದ್ನ?"

"ಇಲಿ ಇರ್ಬೇಕು" ಎಂದಳು ಲತಾಮಣಿ, ಕೋಲು ನಿಲ್ಲಿಸದೆ.